ಜೂಮ್ ಇಲ್ಲದ ಲೆನ್ಸ್, ಯುಗಾದಿಯಿಂದ ಯುಗಾದಿವರೆಗೆ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಇಪ್ಪತ್ತೆಂಟು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಬರೆದವಳು, ಬುದ್ಧಿ ಎಲ್ಲಿ ಹೋಗುತ್ತೆ? ವಸ್ತು: ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸ್, ಸೆಕೆಂಡ್ ಹ್ಯಾಂಡ್. ಕೊಟ್ಟಿದ್ದು 5,800 ರೂಪಾಯಿ. ಬಳಸಿದ್ದು 2024ರ ಯುಗಾದಿಯಿಂದ 2025ರ ಯುಗಾದಿಯ ಹಿಂದಿನ ದಿನದವರೆಗೆ, ಅಂದರೆ ಏಪ್ರಿಲ್ 9ರಿಂದ ಮಾರ್ಚ್ 29. ಪಂಚಾಂಗದ ವರ್ಷ ಗಿಡ್ಡ, 355 ದಿನಕ್ಕೇ ಮುಗಿಯಿತು. ದಿನಕ್ಕೆ ಒಂದೇ ಫೋಟೋ ಉಳಿಸಿಕೊಳ್ಳಬೇಕು, ಮಿಕ್ಕಿದ್ದನ್ನು ಅವತ್ತು ರಾತ್ರಿಯೇ ಅಳಿಸಬೇಕು ಅನ್ನೋದು ನಾನೇ ಹಾಕಿಕೊಂಡ ನಿಯಮ. ಉಳಿದಿದ್ದು 349. ಆರು ದಿನ ಖಾಲಿ. ಆ ಆರರಲ್ಲಿ ಒಂದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಕ್ಯಾಮೆರಾ ಮಗನದು, ಕ್ಯಾನನ್ 200ಡಿ. ಅವನು ಪುಣೆಗೆ ಕೆಲಸಕ್ಕೆ ಹೋದಾಗ ಬಿಟ್ಟು ಹೋದ. ಅದರ ಜತೆ ಬಂದಿದ್ದ 18-55 ಜೂಮ್ ಲೆನ್ಸನ್ನು ಹಾಳು ಮಾಡಿದವಳು ನಾನು. ಚರ್ಮದ ಚೀಲದಲ್ಲಿ ಹಾಕಿ, ಬೀರುವಿನ ಕೆಳಗಿನ ಖಾನೆಯಲ್ಲಿ ರೇಷ್ಮೆ ಸೀರೆ ಪಕ್ಕ ಜೋಪಾನವಾಗಿ ಇಟ್ಟಿದ್ದೆ. ಎರಡು ಮಳೆಗಾಲ ಕಳೆದು ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರ ಬಲೆ ಥರ ಬೂಷ್ಟು. ಲೆನ್ಸಿಗೂ ಬೂಷ್ಟು ಹಿಡಿಯುತ್ತೆ, ಉಪ್ಪಿನಕಾಯಿಗೆ ಹಿಡಿದ ಹಾಗೆ, ಅಂತ ನನಗೆ ಗೊತ್ತಿರಲಿಲ್ಲ. ತೇವ, ಕತ್ತಲೆ, ಗಾಳಿಯಾಡದ ಚರ್ಮ: ಅದಕ್ಕೆ ಬೇಕಾದ್ದೆಲ್ಲ ನಾನೇ ಒದಗಿಸಿದ್ದೆ. ಈಗ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಜೆಲ್ ಬಣ್ಣ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ. ಹಳೇ ಬಾಣಲೆಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತೆ. ಆ ಬಾಣಲೆ ಮತ್ತೆ ಅಡುಗೆಗೆ ಬರೋ ಹಾಗಿಲ್ಲ, ಅದರ ಜಾಗ ಈಗ ಅಟ್ಟ.

ಬದಲಿ ಲೆನ್ಸ್ ಹುಡುಕುವಾಗ ಅಂಗಡಿಯ ಹುಡುಗ ಇದನ್ನು ಕೈಗಿಟ್ಟ. ಹಗುರ, ಸುಮಾರು 160 ಗ್ರಾಂ. ಒಂದು ದೊಡ್ಡ ಟೊಮೇಟೊ ಹಿಡಿದ ಹಾಗೆ. ತಿರುಗಿಸಿ ತಿರುಗಿಸಿ ನೋಡಿದೆ. 'ಜೂಮ್ ಎಲ್ಲಿ?' ಅಂದೆ. 'ಇದರಲ್ಲಿ ಜೂಮ್ ಇಲ್ಲ ಮೇಡಂ, ನೀವೇ ನಡೀಬೇಕು' ಅಂದ. ಮಂಡಿ ನೋವಿನವಳಿಗೆ ಹೇಳುವ ಮಾತಾ ಇದು? ಆದರೂ ಬೆಲೆ ಕೇಳಿ ಒಪ್ಪಿಕೊಂಡೆ.

ಮೊದಲ ದಿನವೇ ಜಗಳ. ಯುಗಾದಿ ಊಟಕ್ಕೆ ಮನೆಯಲ್ಲಿ ಒಂಬತ್ತು ಜನ. ಎಲ್ಲರನ್ನೂ ಒಂದೇ ಫೋಟೋದಲ್ಲಿ ಹಿಡಿಯೋಣ ಅಂತ ಹಿಂದೆ ಹಿಂದೆ ಸರಿದೆ. ಬೆನ್ನು ಬೀರುವಿಗೆ ತಾಗಿತು. ಇನ್ನೂ ಮೂರೇ ಜನ ಕಾಣುತ್ತಿದ್ದಾರೆ. ಬಾಗಿಲಾಚೆ ಹೋಗಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತೆ, ಆಗ ನಾಲ್ಕೂವರೆ ಜನ. ನಮ್ಮ ಯಜಮಾನರು ಅರ್ಧ. 200ಡಿಯಂಥ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಫಲಕ, ಅಂದರೆ ಸೆನ್ಸರ್, ಚಿಕ್ಕದು, ಅದರ ಮೇಲೆ ಈ 50 ಎಂಎಂ ಲೆನ್ಸ್ 80 ಎಂಎಂ ಥರ ಕಾಣುತ್ತೆ ಅಂತ ಮಗ ಆಮೇಲೆ ಫೋನಿನಲ್ಲಿ ವಿವರಿಸಿದ. 1.6ರಿಂದ ಗುಣಿಸಬೇಕಂತೆ. ನಮ್ಮದು ಹತ್ತಡಿ ಅಗಲದ ಹಾಲು. ಅದರಲ್ಲಿ ಈ ಲೆನ್ಸಿಗೆ ಸಂಸಾರ ಹಿಡಿಸಲ್ಲ.

ಕೊನೆಗೆ ಉಳಿಸಿಕೊಂಡಿದ್ದು ಬೇರೆಯೇ ಫೋಟೋ. ಬೇವು ಬೆಲ್ಲದ ಬಟ್ಟಲು, ಅದರೊಳಗೆ ಅತ್ತೆಯ ಎರಡು ಬೆರಳು. ಬೆಲ್ಲದ ಉಂಡೆ ಬಿಟ್ಟು ಬೇವಿನ ಹೂವನ್ನೇ ಆರಿಸುತ್ತಿದ್ದಾರೆ. ಅವರಿಗೆ ಶುಗರ್. ಒಂಬತ್ತು ಜನ ಸಾಲಾಗಿ ನಿಂತು ಹಲ್ಲು ಬಿಟ್ಟ ಫೋಟೋ ನಮ್ಮನೆಯಲ್ಲಿ ಹತ್ತಿವೆ. ಇಂಥದ್ದು ಇದೊಂದೇ. ಅವತ್ತು ಲೆನ್ಸನ್ನು ವಾಪಸ್ ಕೊಡೋ ಯೋಚನೆ ಬಿಟ್ಟೆ.

ಎರಡನೇ ತಕರಾರು ಹತ್ತಿರದ್ದು. ಬೆಳಿಗ್ಗೆ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವುದನ್ನು ತೆಗೆಯೋಣ ಅಂತ ಮೂಗು ತಾಗಿಸುವಷ್ಟು ಹತ್ತಿರ ಹೋದೆ. ಲೆನ್ಸ್ ಒಳಗೇ ಗುರುಗುಡುತ್ತಾ ಮೂತಿಯನ್ನು ಹಿಂದೆ ಮುಂದೆ ಮಾಡುತ್ತೆ, ಬಟನ್ ಮಾತ್ರ ಒತ್ತಿಸಿಕೊಳ್ಳಲ್ಲ. ಕೆಟ್ಟುಹೋಗಿದೆ ಅಂದುಕೊಂಡೆ. ಕೆಟ್ಟಿಲ್ಲ. ಇದಕ್ಕೆ ಕನಿಷ್ಠ 35 ಸೆಂಟಿಮೀಟರ್ ದೂರ ಬೇಕು. ಅದೂ ಲೆನ್ಸಿನ ಮೂತಿಯಿಂದಲ್ಲ, ಕ್ಯಾಮೆರಾದ ಒಳಗಿರುವ ಸೆನ್ಸರಿನಿಂದ. ಮೂತಿಯಿಂದ ಲೆಕ್ಕ ಹಾಕಿದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಇದಕ್ಕಿಂತ ಮುಂಚಿನ ಮಾದರಿಗೆ 45 ಬೇಕಿತ್ತು, ಆ ಲೆಕ್ಕದಲ್ಲಿ ಇದೇ ವಾಸಿ. ಒಂದು ಗೇಣು ಹಿಂದೆ ಸರಿದ ಮೇಲೆ ಡಿಕಾಕ್ಷನ್ ಜತೆಗೆ ಕಿಟಕಿಯೂ ಬಂತು, ಕಿಟಕಿಯಲ್ಲಿ ಹಾಲಿನವನ ಸೈಕಲ್ಲೂ ಬಂತು. ನಮ್ಮ ಮಗನ ವಿಷಯದಲ್ಲೂ ನನಗೆ ಈ ಒಂದು ಗೇಣು ಬೇಕಾಗಿತ್ತು ಅಂತ ಅವತ್ತು ಅನಿಸಿತು. ದಿನಾ ಮೂರು ಸಲ ಫೋನ್ ಮಾಡುತ್ತಿದ್ದವಳು ಆ ವಾರದಿಂದ ಒಂದು ಸಲಕ್ಕೆ ಇಳಿಸಿದೆ. ಈಗ ಅವನೇ ಮಾಡುತ್ತಾನೆ. (ಹೆಚ್ಚಾಗಿ ಸಾರಿನ ಪುಡಿಗೆ ಎಷ್ಟು ಮೆಣಸಿನಕಾಯಿ ಅಂತ ಕೇಳೋಕೆ.)

ಹಕ್ಕಿ ತೆಗೆಯುವವರು ಇದನ್ನು ಮುಟ್ಟಲೇಬೇಡಿ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕ್ ಹೋಗುತ್ತೇನೆ. ಹೆಜ್ಜಾರ್ಲೆಗಳು ನೀರಿಗಿಳಿದಾಗ ಅಲ್ಲಿ ನಿಂತವರ ಲೆನ್ಸುಗಳನ್ನು ನೋಡಬೇಕು, ಒಂದೊಂದು ನನ್ನ ಮೊಳದಷ್ಟು ಉದ್ದ. ನಾನೂ ನನ್ನ ಟೊಮೇಟೊ ಎತ್ತಿ ತೆಗೆದೆ. ಅಕ್ಕಿಯಲ್ಲಿ ಹುಳದಷ್ಟು ಬಿಳಿ ಚುಕ್ಕೆ ಬಂತು. ಪಕ್ಕದವರು ಬಗ್ಗಿ ನೋಡಿ ಪಾಪ ಅಂತ ಸುಮ್ಮನಾದರು. ಅವತ್ತು ಉಳಿಸಿಕೊಂಡಿದ್ದು ಆ ಫೋಟೋಗ್ರಾಫರುಗಳ ಸಾಲನ್ನೇ. ಏಳು ಜನ, ಏಳು ಕಪ್ಪು ಮೂತಿ, ಎಲ್ಲವೂ ಒಂದೇ ಕಡೆಗೆ. ಅವರ ಹಿಂದೆ, ಬೆಂಚಿನ ಕೆಳಗೆ, ಒಂದು ನಾಯಿ ಅವರ ಬಿಸ್ಕತ್ ಪೊಟ್ಟಣ ಬಿಚ್ಚುತ್ತಿದೆ.

ಅರಮನೆಯೂ ಹಾಗೇ. ಭಾನುವಾರ ಸಂಜೆ ದೀಪ ಹಾಕಿದಾಗ ಲಕ್ಷದ ಹತ್ತಿರ ಬಲ್ಬು, ನಮ್ಮ ಲೆನ್ಸಿಗೆ ಸಿಕ್ಕಿದ್ದು ಒಂದು ಗೋಪುರ. ಆದರೆ ಬೊಂಬಾಯಿ ಮಿಠಾಯಿ ಮಾರುವವನ ಹತ್ತಿರ ನಿಂತು, ಲೆನ್ಸಿನ ಕಣ್ಣನ್ನು ಪೂರ್ತಿ ತೆರೆದು, ಅಂದರೆ 1.8ಕ್ಕೆ ಇಟ್ಟು ತೆಗೆದೆ ನೋಡಿ, ಹಿಂದಿನ ದೀಪಗಳೆಲ್ಲ ಕರಗಿ ದುಂಡಗೆ ಚಿನ್ನದ ಲಾಡು ಥರ ಆದವು. ಈ ಲೆನ್ಸಿನ ಒಳಗೆ ಬೆಳಕು ತಡೆಯುವ ರೆಕ್ಕೆಗಳು ಏಳು. 1990ರಲ್ಲಿ ಬಂದ ಹಳೇ ಮಾದರಿಯಲ್ಲಿ ಐದೇ, ಸ್ವಲ್ಪ ಮುಚ್ಚಿದರೆ ಸಾಕು ದೀಪ ಐದು ಮೂಲೆಯಾಗುತ್ತಿತ್ತು. 2015ರಲ್ಲಿ ಬಂದ ಇದರಲ್ಲಿ ಆ ಕಾಟ ಕಮ್ಮಿ.

ಇನ್ನು ದೇವರಾಜ ಮಾರುಕಟ್ಟೆ. ಈ ವರ್ಷದಲ್ಲಿ ನಾನು ಜಾಸ್ತಿ ಕಲಿತಿದ್ದು ಅಲ್ಲಿ, ಹೂವಿನ ಸಾಲಿನಲ್ಲಿ.

ಜೂಮ್ ಇದ್ದಾಗ ನಾನು ಕದ್ದು ತೆಗೆಯುತ್ತಿದ್ದೆ. ದೂರದಲ್ಲಿ, ಬಾಳೆಗೊನೆ ಮರೆಯಲ್ಲಿ ನಿಂತು. ಇದರಲ್ಲಿ ಒಬ್ಬರ ಮುಖ ನೆಟ್ಟಗೆ ಬರಬೇಕಾದರೆ ನಾಲ್ಕೈದು ಅಡಿ ದೂರದಲ್ಲಿ ಅವರ ಎದುರೇ ನಿಲ್ಲಬೇಕು. ಅಷ್ಟು ಹತ್ತಿರ ನಿಂತು ಮಾತಾಡದೆ ಇರೋಕಾಗುತ್ತಾ? ಮಲ್ಲಿಗೆ ಮಾರುವ ಒಬ್ಬ ಅಜ್ಜಿಯನ್ನು ಕೇಳಿದೆ.

'ಅಮ್ಮ, ಒಂದು ಫೋಟೋ ತೆಗೆದುಕೊಳ್ಳಲಾ?'

'ಯಾಕವ್ವ?'

ನನ್ನ ಹತ್ತಿರ ಉತ್ತರವೇ ಇರಲಿಲ್ಲ. 'ಸುಮ್ನೆ' ಅಂದೆ.

'ಸುಮ್ನೆ ಯಾರಾದ್ರೂ ತೆಗೀತಾರಾ? ಬ್ಯಾಡ ಹೋಗು.'

ಮುಖ ಸಣ್ಣಗಾಯಿತು. ಮನೆಗೆ ಬಂದು ಅವತ್ತು ಬೆಂಡೆಕಾಯಿ ತೆಗೆದು ಉಳಿಸಿಕೊಂಡೆ. ಮುಂದಿನ ವಾರ ಎರಡು ಮೊಳ ಹೂ ಕೊಂಡೆ, ಫೋಟೋ ಕೇಳಲಿಲ್ಲ. ಅದರ ಮುಂದಿನ ವಾರವೂ ಅಷ್ಟೆ. ನಾಲ್ಕನೇ ವಾರ ಅವರೇ 'ಕ್ಯಾಮ್ರಾ ತಂದಿಲ್ವಾ?' ಅಂದರು. 'ಮೋರೆ ಬ್ಯಾಡ. ಕೈ ಬೇಕಾದ್ರೆ ತಗೋ.'

ಆ ಕೈಯನ್ನು ನಾನು ಇವತ್ತಿಗೂ ಕಣ್ಣುಮುಚ್ಚಿ ಹೇಳಬಲ್ಲೆ. ಎಡಗೈಯ ಮೊಣಕೈಗೆ ಮಾಲೆಯ ತುದಿ ಒತ್ತಿ ಹಿಡಿದು, ಬಲಗೈಯಲ್ಲಿ ಬೆರಳ ತುದಿವರೆಗೆ ಎಳೆಯುತ್ತಾರೆ. ಹಸಿರು ಗಾಜಿನ ಬಳೆ ನಾಲ್ಕು. ಹೆಬ್ಬೆರಳ ಉಗುರು ನಡುವೆ ಸೀಳಿದೆ, ಆ ಸೀಳಿನಲ್ಲಿ ಬಾಳೆನಾರಿನ ಒಂದು ಎಳೆ ಸಿಕ್ಕಿಕೊಂಡಿದೆ. ಮೊಳ ಮುಗಿಯುವ ಕಡೆ ಒಂದು ಕ್ಷಣ ನಿಲ್ಲುತ್ತಾರೆ, ಆಮೇಲೆ ನಾಲ್ಕು ಬೆರಳು ಮುಂದೆ ಬಿಟ್ಟು ಕತ್ತರಿಸುತ್ತಾರೆ. ಆ ನಾಲ್ಕು ಬೆರಳು ಕೊಸರು. ದಿನಾ ಹೂ ಕೊಳ್ಳುತ್ತಿದ್ದವಳು ನಾನು, ಅದನ್ನು ಮೊದಲು ಗಮನಿಸಿದ್ದು ಫೋಟೋದಲ್ಲಿ.

ನಾಲ್ಕು ಬೈ ಆರು ಇಂಚಿನ ಪ್ರಿಂಟ್ ಹಾಕಿಸಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ಚೆನ್ನಾಗಿದೆ ಅನ್ನುತ್ತಾರೇನೋ ಅಂತ ನಾನು ಕಾದೆ. ಪಕ್ಕದಲ್ಲಿ 'ನಿಮ್ಮ ಮೊಳ ಚಿಕ್ಕದು' ಅಂತ ಚೌಕಾಸಿ ಮಾಡುತ್ತಿದ್ದ ಗಿರಾಕಿ ಮುಂದೆ ಅದನ್ನು ಹಿಡಿದು 'ನೋಡ್ಕೊ, ಮೊಳ ಮೀರೇ ಕೊಡೋದು' ಅಂದರು. ಈಗ ಆ ಫೋಟೋ ಅವರ ತಲೆ ಮೇಲಿನ ತಂತಿಯಲ್ಲಿ, ಬಟ್ಟೆ ಕ್ಲಿಪ್ಪಿನಲ್ಲಿ ನೇತಾಡುತ್ತಿದೆ. 'ಯಾಕವ್ವ?' ಅಂತ ಕೇಳಿದ್ದರಲ್ಲ, ಉತ್ತರವನ್ನು ಅವರೇ ಹುಡುಕಿಕೊಂಡರು.

ನಮ್ಮ ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತೆ. 1977ರಲ್ಲಿ ಪದ್ಮಶ್ರೀ ಬಂತು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ವಿಶ್ವಸಂಸ್ಥೆಯಲ್ಲೇ ಆಯಿತು. ಅಷ್ಟೆಲ್ಲ ಆದರೂ ಚಿತ್ರದಲ್ಲಿ ಇರುವವರು ಬೀದಿಯ ಸಾಮಾನ್ಯ ಜನ. ಯಾರ ಮುಖದಲ್ಲೂ ಕದ್ದು ತೆಗೆಸಿಕೊಂಡ ಗಾಬರಿ ಇಲ್ಲ. ಮೊದಲು ಅದನ್ನು ಕೈಚಳಕ ಅಂದುಕೊಂಡಿದ್ದೆ. ಈಗ ಅನಿಸುತ್ತೆ, ಅವರು ಎಷ್ಟು ಹೊತ್ತು ಹರಟಿರಬೇಕು!

ಲೆನ್ಸಿಗೆ ಬರೋಣ. ಎಫ್/1.8 ಅನ್ನೋದೇ ಇದರ ಜಂಬ. ಅಂದರೆ ಕಣ್ಣು ದೊಡ್ಡದಾಗಿ ಬಿಡುತ್ತೆ, ಕಮ್ಮಿ ಬೆಳಕಿನಲ್ಲೂ ಕಾಣುತ್ತೆ. ಕರೆಂಟ್ ಹೋದಾಗ ಮೇಣದಬತ್ತಿಯಲ್ಲಿ ತೆಗೆದಿದ್ದೇನೆ, ಬಂದಿದೆ. ಆದರೆ 1.8ರಲ್ಲಿ ಸ್ಪಷ್ಟವಾಗಿ ಕಾಣುವ ಪದರ ದೋಸೆಯಷ್ಟು ತೆಳು. ನಾದಿನಿ ಮಗಳ ಹುಟ್ಟುಹಬ್ಬಕ್ಕೆ ಹೋಗಿ ಇಪ್ಪತ್ತು ಫೋಟೋ ತೆಗೆದೆ. ಹದಿನಾಲ್ಕರಲ್ಲಿ ಮೂಗು ಸ್ಪಷ್ಟ, ಕಣ್ಣು ಮಸುಕು. ಆ ಮಗು ಕುಣಿಯುತ್ತಿತ್ತು, ನಾನು ಜಂಬಕ್ಕೆ 1.8 ಬಿಡಲಿಲ್ಲ. ಈಗ ಕಣ್ಣನ್ನು ಸ್ವಲ್ಪ ಕಿರಿದು ಮಾಡುತ್ತೇನೆ: ಮನುಷ್ಯರಿಗೆ 2.8, ಇಬ್ಬರಿದ್ದರೆ 4. ಚಿತ್ರವೂ ಆಗಲೇ ಹೆಚ್ಚು ಚೂಪು. 1.8ರಲ್ಲಿ ಬಿಸಿಲಿಗೆ ಹೊಳೆಯುವ ಸ್ಟೀಲ್ ಪಾತ್ರೆ ತೆಗೆದರೆ ಅಂಚಿನಲ್ಲಿ ನೇರಳೆ ಬಣ್ಣ ಕೂಡ ಇಣುಕುತ್ತೆ.

ಕೈ ನಡುಕ ತಡೆಯುವ ವ್ಯವಸ್ಥೆ ಇದರಲ್ಲಿ ಇಲ್ಲ. ನಮ್ಮ ವಯಸ್ಸಿನವರು ಶಟರ್ ವೇಗವನ್ನು 1/100 ಸೆಕೆಂಡಿಗಿಂತ ನಿಧಾನ ಮಾಡದಿರುವುದೇ ಕ್ಷೇಮ. ಇನ್ನೊಂದು, ಫೋಕಸ್ ಮಾಡುವಾಗ ಮೂತಿಯ ಒಳಕೊಳವೆ ಸ್ವಲ್ಪ ಮುಂದೆ ಬರುತ್ತೆ. ಅದು ಹೊರಗಿರುವಾಗ ಬ್ಯಾಗಿಗೆ ತುರುಕಬೇಡಿ, ಪೆಟ್ಟು ನೇರ ಅದಕ್ಕೇ ಬೀಳುತ್ತೆ. ಕ್ಯಾಮೆರಾ ಆಫ್ ಇದ್ದಾಗ ಫೋಕಸ್ ಉಂಗುರ ತಿರುಗಿಸಿದರೆ ಏನೂ ಆಗಲ್ಲ, ಎಲ್ಲ ಮೋಟಾರಿನ ಕೈಯಲ್ಲಿ. ಇದಕ್ಕೂ ನಾನು ಒಂದು ದಿನ ಕೆಟ್ಟಿದೆ ಅಂತ ಅತ್ತಿದ್ದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಎರಡು ಮಾತು. ಲೆನ್ಸಿನ ಹಿಂಬದಿ ನೋಡಿ. ಇದರ ಉಂಗುರ ಲೋಹದ್ದು. ಪ್ಲಾಸ್ಟಿಕ್ ಆದರೆ ಅದು 1990ರ ಹಳೇ ಮಾದರಿ, ಅದಕ್ಕೆ ಇದರ ಬೆಲೆ ಕೊಡಬೇಡಿ. ಮೊಬೈಲ್ ಟಾರ್ಚನ್ನು ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ, ಬೂಷ್ಟಿದ್ದರೆ ಆಗಲೇ ಕಾಣುತ್ತೆ. ಧೂಳಿನ ಒಂದೆರಡು ಕಣ ಇದ್ದರೆ ಪರವಾಗಿಲ್ಲ, ಫೋಟೋದಲ್ಲಿ ಬರಲ್ಲ. ಲೆನ್ಸಿನ ಮೂತಿಗೆ ಹಾಕುವ ಗಾಜಿನ ಫಿಲ್ಟರ್ 49 ಎಂಎಂ ಅಳತೆಯದು. ನಿಮ್ಮದು ಕ್ಯಾನನ್‌ನ ಹೊಸ ಆರ್ ಸರಣಿಯ ಕ್ಯಾಮೆರಾ ಆದರೆ ಇದು ನೇರವಾಗಿ ಕೂರಲ್ಲ, ಅಡಾಪ್ಟರ್ ಬೇಕು. ಅದಕ್ಕೆಂದೇ 2020ರಲ್ಲಿ ಬಂದ ಆರ್‌ಎಫ್ 50 ಇದೆ, ಅದನ್ನೇ ನೋಡಿ.

ಇಷ್ಟು ಸಾಮಾನಿನ ವಿಷಯ. ಈಗ ಅತ್ತೆಯ ವಿಷಯ.

ದಿನಕ್ಕೊಂದು ಅಂದರೆ ಏನೂ ಸಿಗದ ದಿನವೇ ಜಾಸ್ತಿ. ಆಫೀಸು, ಮಳೆ, ತಲೆನೋವು. ಅಂಥ ದಿನ ನಾನು ಅಡುಗೆಮನೆ ಬಾಗಿಲ ಚೌಕಟ್ಟಿಗೆ ಒರಗಿ ಹಾಲಿನಲ್ಲಿ ಪೇಪರ್ ಓದುವ ಅತ್ತೆಯನ್ನು ತೆಗೆದುಬಿಡುತ್ತಿದ್ದೆ. ಬೆಳಿಗ್ಗೆ ಎಂಟು ಗಂಟೆ, ಕಿಟಕಿ ಪಕ್ಕದ ಬೆತ್ತದ ಕುರ್ಚಿ. ಪುಕ್ಕಟೆ ಫೋಟೋ. ಹಾಗೆ ಸೇರಿದ್ದು 41. ಅದರಲ್ಲಿ ಕಲೆ ಗಿಲೆ ಏನೂ ಇಲ್ಲ, ನನ್ನ ಸೋಮಾರಿತನದ ಹಾಜರಿ ಪುಸ್ತಕ ಅಷ್ಟೆ.

ಡಿಸೆಂಬರಿನಲ್ಲಿ ಮಗ ರಜಕ್ಕೆ ಬಂದಾಗ ಅಷ್ಟನ್ನೂ ಲ್ಯಾಪ್‌ಟಾಪಿನಲ್ಲಿ ಸಾಲಾಗಿ ಇಟ್ಟ. ಜೂನಿನಲ್ಲಿ ಪೇಪರ್ ತೊಡೆ ಮೇಲಿದೆ. ಸೆಪ್ಟೆಂಬರಿನಲ್ಲಿ ಎದೆ ಮಟ್ಟಕ್ಕೆ ಬಂದಿದೆ. ಡಿಸೆಂಬರಿನಲ್ಲಿ ಮೂಗಿನ ಹತ್ತಿರ, ತಲೆ ಎಡಕ್ಕೆ ವಾಲಿದೆ, ಬಲಗಣ್ಣಿನಲ್ಲಿ ಓದುವವರ ಹಾಗೆ. ಕುರ್ಚಿಯೂ ಸರಿದಿದೆ. ನಮ್ಮ ಹಾಲಿನ ನೆಲಕ್ಕೆ ಮೊಸಾಯಿಕ್ ಕಲ್ಲು, ಗೆರೆ ಎಣಿಸಬಹುದು. ಜೂನಿಗೂ ಡಿಸೆಂಬರಿಗೂ ಒಂದೂವರೆ ಕಲ್ಲು ಕಿಟಕಿಯ ಕಡೆಗೆ. ಲೆನ್ಸಿಗೆ ಜೂಮ್ ಇಲ್ಲ, ನಾನು ನಿಲ್ಲುವ ಚೌಕಟ್ಟು ಬದಲಾಗಿಲ್ಲ. ಹಾಗಾಗಿ 41 ಚಿತ್ರದಲ್ಲೂ ಹಾಲು ಅಷ್ಟೇ ದೊಡ್ಡದು, ಬದಲಾಗಿದ್ದು ಅತ್ತೆ ಮಾತ್ರ. ದಿನಕ್ಕೊಂದು ಥರ ಜೂಮ್ ಮಾಡಿ ತೆಗೆದಿದ್ದರೆ ಇದು ನಮ್ಮ ಕಣ್ಣಿಗೆ ಬೀಳುತ್ತಿತ್ತಾ? ನನಗೆ ಅನುಮಾನ.

ಅಷ್ಟು ತಿಂಗಳಿಂದ ಅವರು ಹೇಳುತ್ತಿದ್ದದ್ದು ಒಂದೇ ಮಾತು, 'ಪೇಪರ್‌ನವರು ಅಕ್ಷರ ಸಣ್ಣ ಮಾಡಿದಾರೆ ಕಣೇ.' ನಾನು 'ಹೂಂ ಅತ್ತೆ, ಎಲ್ಲದರಲ್ಲೂ ಉಳಿತಾಯ ಈಗ' ಅಂತ ಒಗ್ಗರಣೆ ಹಾಕುತ್ತಿದ್ದೆ.

ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಡಗಣ್ಣಿಗೆ ಪೊರೆ ಬಂದಿತ್ತು, ಚೆನ್ನಾಗೇ ಬಲಿತಿತ್ತು. ಸಂಕ್ರಾಂತಿ ಆದ ಮೇಲೆ ಆಪರೇಷನ್ ಅಂತ ದಿನ ಕೊಟ್ಟರು.

ಖಾಲಿ ಇರುವ ಆರು ದಿನಗಳಲ್ಲಿ ಎರಡು ನನ್ನ ಜ್ವರ. ಎರಡು ದಿನ ಊರಿಗೆ ಹೋದಾಗ ಚಾರ್ಜರ್ ಮರೆತಿದ್ದು. ಒಂದು ದಿನ ಮೆಮೊರಿ ಕಾರ್ಡ್ ಲ್ಯಾಪ್‌ಟಾಪಿನಲ್ಲೇ ಬಿಟ್ಟು, ಖಾಲಿ ಕ್ಯಾಮೆರಾ ಹೊತ್ತು ತಿರುಗಿದ್ದು. ಆರನೆಯದು ಆ ತಪಾಸಣೆಯ ದಿನ. ಉದ್ದನೆಯ ಬೆಂಚು, ಹನ್ನೆರಡು ಜನ ಕೂತಿದ್ದರು. ಎಲ್ಲರಿಗೂ ಕಣ್ಣಿಗೆ ಹನಿ ಹಾಕಿದ್ದರು. ಹನ್ನೆರಡು ತಲೆಯೂ ಗೋಡೆಗೆ ಒರಗಿ ಮೇಲಕ್ಕೆ, ಕಣ್ಣು ಮುಚ್ಚಿ, ಕೈಗಳು ತೊಡೆ ಮೇಲೆ. ಮೇಲಿನ ಕಿಟಕಿಯಿಂದ ಹನ್ನೊಂದು ಗಂಟೆಯ ಬಿಸಿಲು ಓರೆಯಾಗಿ ಅಷ್ಟೂ ಮುಖದ ಮೇಲೆ. ವರ್ಷವಿಡೀ ನನಗೆ ಅಂಥ ಬೆಳಕು ಸಿಕ್ಕಿರಲಿಲ್ಲ. ಬ್ಯಾಗಿನ ಜಿಪ್ ಅರ್ಧ ಎಳೆದೆ. ಇವರಲ್ಲಿ ಯಾರಿಗೂ ನಾನು ಕಾಣಲ್ಲ, 'ಯಾಕವ್ವ?' ಅಂತ ಕೇಳುವವರೂ ಇಲ್ಲ. ಜಿಪ್ ಮುಚ್ಚಿದೆ. ಅತ್ತೆಯ ಪಕ್ಕ ಕೂತು ಅವರ ಕರ್ಚೀಫಿನಲ್ಲಿ ಕೆನ್ನೆಗೆ ಇಳಿದ ಹನಿ ಒರೆಸಿದೆ. ಅವತ್ತಿನ ಫೋಲ್ಡರ್ ಖಾಲಿಯೇ ಇದೆ, ತಾರೀಖು ಮಾತ್ರ ಬರೆದಿಟ್ಟಿದ್ದೇನೆ.

2025ರ ಯುಗಾದಿಗೆ 349ನ್ನೂ ಟಿವಿಗೆ ಹಾಕಿ ಮನೆಯವರಿಗೆಲ್ಲ ತೋರಿಸಿದೆ. ಅತ್ತೆ ಹೊಸ ಕಣ್ಣಿನ ಉತ್ಸಾಹದಲ್ಲಿ ಮುಂದಿನ ಸಾಲಿನಲ್ಲೇ ಕೂತರು. ಒಂದೊಂದಕ್ಕೂ ಟೀಕೆ. ಬೆಂಡೆಕಾಯಿ ಬಲಿತಿದೆ. ಈ ಸೀರೆಗೆ ಇಸ್ತ್ರಿ ಇಲ್ಲ. ಬೊಂಬಾಯಿ ಮಿಠಾಯಿಯವನ ಚಿತ್ರ ಬಂದಾಗ ಕೈ ಎತ್ತಿ ನಿಲ್ಲಿಸಿದರು.

'ಹಿಂದುಗಡೆ ಇರೋದು ಅರಮನೆನಾ?'

'ಹೌದು ಅತ್ತೆ.'

'ಮಸುಕಾಗಿದೆಯಲ್ಲೇ, ಪೂರ್ತಿ.'

'ಅದು ಬೇಕೂಂತಲೇ ಹಾಗೆ ಮಾಡೋದು ಅತ್ತೆ. ಹಿಂದಿನದು ಮಸುಕಾದರೆ ಚೆಂದ. ಈ ಲೆನ್ಸ್ ಕೊಂಡಿದ್ದೇ ಅದಕ್ಕೆ.'

'ಎಷ್ಟು ಕೊಟ್ಟೆ ಅಂದೆ?'

'ಐದು ಸಾವಿರದ ಎಂಟುನೂರು.'

ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಟಿವಿ ನೋಡಿದರು. 'ನಾನು ದುಡ್ಡು ಕೊಟ್ಟು ಮಸುಕು ತೆಗೆಸಿಕೊಂಡು ಬಂದಿದೀನಿ. ನೀನು ದುಡ್ಡು ಕೊಟ್ಟು ಹಾಕಿಸಿಕೊಂಡು ಬಂದಿದೀಯ! ಮುಂದಿನದು ಹಾಕು.'